ಆಟ ಮತ್ತು ಧ್ವನಿಮುದ್ರಣಕ್ಕೆ ಜೋಡಣೆ ಗಣಕಯಂತ್ರ

ಜೋಡಣೆ ಗಣಕಯಂತ್ರ ಎಂದರೆ ಬಿಡಿಭಾಗಗಳನ್ನು ಬೇರೆ ಬೇರೆಯಾಗಿ ಆರಿಸಿ ಕೊಂಡು, ಬಳಕೆದಾರರು ತಾವೇ ಅಥವಾ ಅಂಗಡಿಯವರ ನೆರವಿನಿಂದ ಕೂಡಿಸಿಕೊಳ್ಳುವ ಮೇಜಿನ ಗಣಕಯಂತ್ರ. ಆಡುಮಾತಿನಲ್ಲಿ ಇದಕ್ಕೆ ಅಸೆಂಬಲ್ಡ್ ಕಂಪ್ಯೂಟರ್ ಎನ್ನುತ್ತಾರೆ. ಒಂದೇ ಯಂತ್ರವನ್ನು ವೀಡಿಯೊ ಆಟಕ್ಕೂ ಸಂಗೀತದ ಧ್ವನಿಮುದ್ರಣಕ್ಕೂ ಬಳಸುವುದಾದರೆ ಎರಡರ ಬೇಡಿಕೆಗಳನ್ನೂ ಮೊದಲೇ ತೂಗಿ ನೋಡಬೇಕಾಗುತ್ತದೆ. ಆಟವು ಚಿತ್ರಗಳ ವೇಗವನ್ನು ಬೇಡಿದರೆ, ಧ್ವನಿಮುದ್ರಣವು ತಡೆಯಿಲ್ಲದ ಹರಿವನ್ನೂ ನಿಶ್ಶಬ್ದವನ್ನೂ ಬೇಡುತ್ತದೆ. ಮಂಗಳೂರಿನಂತಹ ಕರಾವಳಿ ನಗರದಲ್ಲಿ ಇವುಗಳ ಜೊತೆಗೆ ತೇವಾಂಶ, ಉಪ್ಪುಗಾಳಿ ಮತ್ತು ಮಳೆಗಾಲದ ವಿದ್ಯುತ್ ಅಡಚಣೆಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ.

ಹಿನ್ನೆಲೆ

1981ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ ಹೆಚ್ಚಾಗಿ ಮಾರುಕಟ್ಟೆಯಲ್ಲಿ ಸಿಗುವ ಭಾಗಗಳೇ ಇದ್ದವು. ಅದಕ್ಕೆ ಹೊಂದುವ ಭಾಗಗಳನ್ನು ಇತರ ತಯಾರಕರೂ ನಿರ್ಮಿಸತೊಡಗಿದರು. 1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಮಾನದಂಡವು ಮದರ್‌ಬೋರ್ಡಿನ ಅಳತೆ, ತಿರುಪುಗಳ ಸ್ಥಾನ ಮತ್ತು ವಿದ್ಯುತ್ ಜೋಡಣೆಯನ್ನು ನಿಗದಿಪಡಿಸಿತು. ಬೇರೆ ಬೇರೆ ಕಂಪನಿಗಳ ಭಾಗಗಳು ಇಂದು ಒಂದೇ ಪೆಟ್ಟಿಗೆಯಲ್ಲಿ ಹೊಂದಿಕೊಳ್ಳುವುದಕ್ಕೆ ಇಂತಹ ಮಾನದಂಡಗಳೇ ಕಾರಣ.

ಎರಡು ಬಳಕೆಗಳ ವ್ಯತ್ಯಾಸ

ಆಟದಲ್ಲಿ ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದು ಚಿತ್ರಕ್ಕೂ ಸುಮಾರು 16.7 ಮಿಲಿಸೆಕೆಂಡ್ ಕಾಲಾವಕಾಶ ದೊರೆಯುತ್ತದೆ. ಈ ಕೆಲಸದ ಬಹುಭಾಗವನ್ನು ಗ್ರಾಫಿಕ್ಸ್ ಕಾರ್ಡ್ ನಿರ್ವಹಿಸುತ್ತದೆ. ನಡುವೆ ಒಂದು ಚಿತ್ರ ತಪ್ಪಿದರೆ ಪರದೆ ಕ್ಷಣಕಾಲ ತಡವರಿಸಿ ಮುಂದೆ ಸಾಗುತ್ತದೆ.

ಧ್ವನಿಮುದ್ರಣದಲ್ಲಿ ಹಾಗಲ್ಲ. ಧ್ವನಿಯ ಮಾದರಿಗಳು ಬಫರ್ ಎಂಬ ತಾತ್ಕಾಲಿಕ ಸಂಗ್ರಹದ ಮೂಲಕ ಕಂತುಕಂತಾಗಿ ಸಾಗುತ್ತವೆ. ಒಂದು ಕಂತು ಸಕಾಲಕ್ಕೆ ಮುಗಿಯದಿದ್ದರೆ ಆ ಜಾಗದಲ್ಲಿ ಬಿರುಕು ಅಥವಾ ಚಿಟಿಕೆಯಂತಹ ಸದ್ದು ಕಡತದಲ್ಲಿಯೇ ಉಳಿಯಬಹುದು. ವೃದ್ಧ ಭಾಗವತರೊಬ್ಬರ ಹಾಡುಗಾರಿಕೆಯಂತಹ, ಮತ್ತೊಮ್ಮೆ ದೊರೆಯದ ಪ್ರಸ್ತುತಿಯಲ್ಲಿ ಇದು ತುಂಬಲಾಗದ ನಷ್ಟ.

48 ಕಿಲೋಹರ್ಟ್ಸ್ ದರದಲ್ಲಿ 128 ಮಾದರಿಗಳ ಬಫರ್ ಸುಮಾರು 2.7 ಮಿಲಿಸೆಕೆಂಡ್ ವಿಳಂಬವನ್ನು ಉಂಟುಮಾಡುತ್ತದೆ. ಗಾಳಿಯಲ್ಲಿ ಶಬ್ದವು ಎರಡು ಮೊಳ ದೂರ ಸಾಗಲು ತಗಲುವ ಸಮಯವೂ ಸುಮಾರು ಅಷ್ಟೇ. ಬಫರನ್ನು 1024ಕ್ಕೆ ಏರಿಸಿದರೆ ವಿಳಂಬವು 21 ಮಿಲಿಸೆಕೆಂಡ್ ದಾಟುತ್ತದೆ. ಒಳಬರುವ ಮತ್ತು ಹೊರಹೋಗುವ ಎರಡೂ ದಾರಿಗಳಲ್ಲಿ ವಿಳಂಬ ಸೇರುವುದರಿಂದ, ಹೆಡ್‌ಫೋನಿನಲ್ಲಿ ತಮ್ಮ ದನಿಯನ್ನೇ ಕೇಳುತ್ತ ಹಾಡುವವರಿಗೆ ತಾಳ ಹಿಡಿಯುವುದು ಕಷ್ಟವಾಗುತ್ತದೆ. ಆದ್ದರಿಂದ ಹಾಡಿಸುವಾಗ ಚಿಕ್ಕ ಬಫರ್, ಅನಂತರದ ಮಿಶ್ರಣ ಕಾರ್ಯಕ್ಕೆ ದೊಡ್ಡ ಬಫರ್ ಬಳಸುವುದು ರೂಢಿ.

ಭಾಗಗಳ ಆಯ್ಕೆ

ಆಟಕ್ಕಾಗಿ ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚು ಹಣ ಮೀಸಲಿಡುವುದು ವಾಡಿಕೆ. ಆದರೆ ಅದು ಧ್ವನಿಮುದ್ರಣಕ್ಕೆ ಹೆಚ್ಚಿನ ನೆರವನ್ನು ನೀಡುವುದಿಲ್ಲ. ಅಲ್ಲಿ ಪ್ರೊಸೆಸರ್ ಮತ್ತು ರ‍್ಯಾಮ್ ಮುಖ್ಯ. ಅನೇಕ ಆಟಗಳಿಗೆ 16 ಜಿಬಿ ರ‍್ಯಾಮ್ ಸಾಕಾಗುತ್ತದೆ. ತಂಬೂರಿ, ತಬಲಾ ಮೊದಲಾದ ವಾದ್ಯಗಳ ಮಾದರಿ ಸಂಗ್ರಹಗಳನ್ನು ಬಳಸುವವರಿಗೆ 32 ಜಿಬಿ ಅನುಕೂಲ.

24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಒಂದು ಮೈಕಿನ ಧ್ವನಿಯು ನಿಮಿಷಕ್ಕೆ 8.64 ಎಂಬಿ ಜಾಗ ಹಿಡಿಯುತ್ತದೆ. ಎಂಟು ಮೈಕುಗಳ ಒಂದು ಗಂಟೆಯ ಮುದ್ರಣಕ್ಕೆ ಸುಮಾರು 4.1 ಜಿಬಿ ಬೇಕು. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಸದ್ದು ಮಾಡುವುದರಿಂದ ಎಸ್‌ಎಸ್‌ಡಿ ಉತ್ತಮ.

ಮೈಕನ್ನು ಜೋಡಿಸಲು ಪ್ರತ್ಯೇಕ ಆಡಿಯೊ ಇಂಟರ್‌ಫೇಸ್ ಅಗತ್ಯ. ಕಂಡೆನ್ಸರ್ ಮೈಕುಗಳಿಗೆ ಬೇಕಾದ 48 ವೋಲ್ಟ್ ವಿದ್ಯುತ್ತು ಸಾಮಾನ್ಯವಾಗಿ ಇದರಿಂದಲೇ ದೊರೆಯುತ್ತದೆ. ಚೆಂಡೆಯಂತಹ ಅಬ್ಬರದ ವಾದ್ಯವನ್ನು ಮುದ್ರಿಸುವಾಗ 24 ಬಿಟ್ ಆಯ್ದು ಮಟ್ಟವನ್ನು ತಗ್ಗಿಸಿಟ್ಟರೆ ಧ್ವನಿ ಒಡೆಯುವ ಅಪಾಯ ಕಡಿಮೆ.

ಚೆಂಡೆಯ ಸದ್ದಿನಲ್ಲಿ ಫ್ಯಾನಿನ ಸದ್ದು ಅಡಗಿಹೋಗುತ್ತದೆ. ಕೊಳಲು ಅಥವಾ ಒಂಟಿ ಕಂಠದ ಮುದ್ರಣದಲ್ಲಿ ಅದು ಎದ್ದು ಕೇಳಿಸುತ್ತದೆ. ನಿಧಾನವಾಗಿ ತಿರುಗುವ 120 ಅಥವಾ 140 ಮಿಲಿಮೀಟರಿನ ಫ್ಯಾನುಗಳು ಮತ್ತು ಹೊರೆ ಇಲ್ಲದಾಗ ಫ್ಯಾನ್ ನಿಲ್ಲಿಸುವ ಗ್ರಾಫಿಕ್ಸ್ ಕಾರ್ಡ್ ಇದಕ್ಕೆ ಪರಿಹಾರ.

ಮಂಗಳೂರಿನ ಹವೆ ಮತ್ತು ವಿದ್ಯುತ್ತು

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಗಾಳಿಯ ತೇವಾಂಶ ವಿಪರೀತವಾಗಿರುತ್ತದೆ. ತೇವ ಮತ್ತು ಉಪ್ಪಿನಂಶದಿಂದ ಲೋಹದ ಸಂಪರ್ಕಗಳು ಕಿಲುಬು ಹಿಡಿಯಬಹುದು. ಯಂತ್ರವನ್ನು ಗೋಡೆಯ ಪಸೆಯಿಂದ ದೂರವಿಟ್ಟು ಆಗಾಗ್ಗೆ ಚಾಲನೆ ಮಾಡುವುದು, ಮೈಕುಗಳನ್ನು ಸಿಲಿಕಾ ಜೆಲ್ ಇರುವ ಮುಚ್ಚಿದ ಪೆಟ್ಟಿಗೆಯಲ್ಲಿಡುವುದು ಒಳ್ಳೆಯದು. ಹೆಂಚು ಅಥವಾ ತಗಡಿನ ಮಾಡಿನ ಮನೆಯಲ್ಲಿ ಮಳೆಯ ಸದ್ದೂ ಮುದ್ರಣಕ್ಕೆ ಸೇರುತ್ತದೆ. ಅದನ್ನು ಯಾವ ಬಿಡಿಭಾಗವೂ ತಡೆಯಲಾರದು.

ನಗರಕ್ಕೆ ಮೆಸ್ಕಾಂ ವಿದ್ಯುತ್ ಪೂರೈಸುತ್ತದೆ. ಮಿಂಚು, ಗಾಳಿಮಳೆಗಳಿಂದ ಪೂರೈಕೆ ಕಡಿದರೆ ಉಳಿಸದಿರುವ ಕೆಲಸ ಹಾಳಾಗುತ್ತದೆಯಾದ್ದರಿಂದ ಯುಪಿಎಸ್ ಅವಶ್ಯ. ಅದರ ಮೇಲಿನ ವಿಎ ಸಂಖ್ಯೆಯನ್ನಲ್ಲ, ವಾಟ್ ಸಂಖ್ಯೆಯನ್ನು ನೋಡಬೇಕು. 600 ವಿಎ ಎಂದು ಮಾರುವ ಹಲವು ಯುಪಿಎಸ್‌ಗಳ ಸಾಮರ್ಥ್ಯ 360 ವಾಟ್ ಮಾತ್ರ. ಇದು ಧ್ವನಿಮುದ್ರಣಕ್ಕೆ ಸಾಕಾದರೂ, ದೊಡ್ಡ ಗ್ರಾಫಿಕ್ಸ್ ಕಾರ್ಡಿನಲ್ಲಿ ಆಟ ನಡೆಯುವಾಗ ಸಾಲದೆ ಹೋಗಬಹುದು. ಭೂಸಂಪರ್ಕ, ಅಂದರೆ ಅರ್ಥಿಂಗ್, ಸರಿಯಿಲ್ಲದಿದ್ದರೆ ಮುದ್ರಣದಲ್ಲಿ 50 ಹರ್ಟ್ಸಿನ ಗುಂಯ್‌ಗುಡುವಿಕೆ ಸೇರಬಹುದು. ಆಘಾತದ ಅಪಾಯವೂ ಇದೆ.

ಯೋಜನೆಯ ಕ್ರಮ

ಮೊದಲು ಒಟ್ಟು ವೆಚ್ಚದಿಂದ ಮಾನಿಟರ್, ಆಡಿಯೊ ಇಂಟರ್‌ಫೇಸ್, ಮೈಕ್, ಹೆಡ್‌ಫೋನ್ ಮತ್ತು ಯುಪಿಎಸ್‌ಗಳ ಬೆಲೆಯನ್ನು ಕಳೆಯಬೇಕು. ಉಳಿದದ್ದೇ ಪೆಟ್ಟಿಗೆಯ ಬಂಡವಾಳ. ಅದರಲ್ಲಿ ಪ್ರೊಸೆಸರ್, ಅದಕ್ಕೆ ಹೊಂದುವ ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ ಮತ್ತು ಉತ್ತಮ ಎಸ್‌ಎಂಪಿಎಸ್‌ಗಳನ್ನು ನಿಶ್ಚಯಿಸಿ, ಕೊನೆಗೆ ಗ್ರಾಫಿಕ್ಸ್ ಕಾರ್ಡನ್ನು ಆರಿಸಬಹುದು. ಹಣ ಸಾಲದಿದ್ದರೆ ಮುಂದೆ ಸುಲಭವಾಗಿ ಬದಲಿಸಬಹುದಾದ ಭಾಗವೂ ಅದೇ. ಪ್ರತಿಯೊಂದು ಭಾಗಕ್ಕೂ ವಾರಂಟಿ ಬೇರೆ ಬೇರೆಯಾಗಿರುವುದರಿಂದ ಕ್ರಮಸಂಖ್ಯೆ ನಮೂದಿಸಿದ ಬಿಲ್ಲುಗಳನ್ನು ಕಾದಿಡುವುದು ಅಗತ್ಯ. ಜೋಡಣೆ ಮುಗಿದ ಮೇಲೆ ಒಂದು ಗಂಟೆಯಾದರೂ ಪರೀಕ್ಷಾರ್ಥ ಮುದ್ರಣ ನಡೆಸಿ, ಅದನ್ನು ಪೂರ್ತಿ ಕೇಳಿ ನೋಡಿದ ಅನಂತರವೇ ಕಲಾವಿದರನ್ನು ಆಹ್ವಾನಿಸುವುದು ಸೂಕ್ತ. ಮುದ್ರಣದ ಪ್ರತಿಯನ್ನು ಅಂದೇ ಬೇರೊಂದು ಡಿಸ್ಕಿಗೆ ನಕಲಿಸಿಡಬೇಕು.