ಭಿವಂಡಿಯ ಮೊಹಲ್ಲಾ ಕಮಿಟಿಗಳು

ಮುಂಬಯಿಯಲ್ಲಿರುವ ನಮಗೆ ಭಿವಂಡಿ ಎಂದರೆ ಪವರ್‌ಲೂಮುಗಳ ಊರು. ಆದರೆ ನಮ್ಮ ಅತ್ತೆಯವರ ಕಾಲದವರಿಗೆ ಅದು ಗಲಭೆಯ ಊರು. 1970ರ ಮೇ ತಿಂಗಳಲ್ಲಿ ಶಿವಜಯಂತಿ ಮೆರವಣಿಗೆಯಲ್ಲಿ ಹೊತ್ತಿದ ಕಿಡಿ ಜಳಗಾಂವದವರೆಗೂ ಹಬ್ಬಿತು. ಅದರ ತನಿಖೆ ನಡೆಸಿದ ನ್ಯಾಯಾಂಗ ಆಯೋಗ ಪೊಲೀಸರ ಪಕ್ಷಪಾತವನ್ನೂ ಬರೆದಿಟ್ಟಿತು. 1984ರಲ್ಲಿ ಊರು ಮತ್ತೆ ಉರಿಯಿತು. ಹೀಗಿರುವಾಗ ಖಾಕಿ ಕಂಡರೆ ಬಾಗಿಲು ಹಾಕಿಕೊಳ್ಳುವುದರಲ್ಲಿ ಆಶ್ಚರ್ಯವೇನು?

1988ರಲ್ಲಿ ಸುರೇಶ್ ಖೋಪಡೆ ಅಲ್ಲಿಗೆ ಡಿಸಿಪಿಯಾಗಿ ಬಂದರು. ಶಾಂತಿ ಸಮಿತಿಗಳು ಹಿಂದೆಯೂ ಇದ್ದವು. ಆದರೆ ಅಲ್ಲಿ ಕುರ್ಚಿ ಹಿಡಿಯುತ್ತಿದ್ದವರು ಪುಢಾರಿಗಳು, ಅದೂ ಗಲಾಟೆಯ ವಾಸನೆ ಬಡಿದ ಮೇಲೆ. ಖೋಪಡೆಯವರು ಸುಮಾರು 70 ಮೊಹಲ್ಲಾ ಕಮಿಟಿಗಳನ್ನು ಮಾಡಿ ಹಿಂದೂ-ಮುಸ್ಲಿಂ ನೆರೆಹೊರೆಯ ಸಾಮಾನ್ಯರನ್ನೇ ಕೂರಿಸಿದರು. ಆಯಾ ಕಮಿಟಿಯ ಹೊಣೆ ಠಾಣೆಯ ಕೆಳಗಿನ ಸಿಬ್ಬಂದಿಯದು. ನನಗೆ ಇಷ್ಟವಾಗುವುದು ಇದೇ. ಸಾಹೇಬರ ಭಾಷಣಕ್ಕಿಂತ, ದಿನವೂ ಗಲ್ಲಿ ಸುತ್ತುವ ಹವಾಲ್ದಾರನಿಗೆ ಹತ್ತು ಮನೆಯವರ ಹೆಸರು ಗೊತ್ತಿರುವುದೇ ದೊಡ್ಡದು. ನಲ್ಲಿಯ ಜಗಳ, ಗಟಾರದ ತಕರಾರು ಸಣ್ಣವೆಂದು ಗಂಡಸರು ನಗಬಹುದು. ಚಾಳಿನಲ್ಲಿ ಬದುಕಿದ ಹೆಂಗಸರಿಗೆ ಗೊತ್ತು, ದೊಡ್ಡ ಜಗಳಗಳು ಹುಟ್ಟುವುದು ಅಲ್ಲಿಂದಲೇ.

1992ರ ಡಿಸೆಂಬರ್, 1993ರ ಜನವರಿ. ಶ್ರೀಕೃಷ್ಣ ಆಯೋಗದ ಲೆಕ್ಕದಲ್ಲಿ ಮುಂಬಯಿಯಲ್ಲಿ ಸತ್ತವರು 900 ಮಂದಿ. ಎಲ್ಲರೂ ಹೆದರಿದ್ದ ಭಿವಂಡಿ ಮಾತ್ರ ಶಾಂತವಾಗಿತ್ತು! ಆಮೇಲೆ ಮುಂಬಯಿಯೂ ಆ ದಾರಿ ಹಿಡಿಯಿತು. ನಿವೃತ್ತ ಪೊಲೀಸ್ ಅಧಿಕಾರಿ ಜೂಲಿಯೊ ರಿಬೇರೊ, ಕಮಿಷನರ್ ಸತೀಶ್ ಸಾಹ್ನಿ, ಸುಶೋಭಾ ಬರ್ವೆ ಸೇರಿ ಇಲ್ಲಿಯೂ ಮೊಹಲ್ಲಾ ಕಮಿಟಿಗಳನ್ನು ಕಟ್ಟಿದರು. ಗಲ್ಲಿಯ ಹುಡುಗರಿಗಾಗಿ ಕ್ರಿಕೆಟ್ ಪಂದ್ಯಗಳನ್ನೂ ಇಟ್ಟರು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆಂದ. ಆದರೆ 2006ರ ಜುಲೈಯಲ್ಲಿ ಅದೇ ಭಿವಂಡಿಯಲ್ಲಿ ಕಬ್ರಸ್ತಾನದ ಪಕ್ಕದ ಜಾಗದಲ್ಲಿ ಪೊಲೀಸ್ ಠಾಣೆ ಕಟ್ಟುವ ವಿಷಯಕ್ಕೆ ಗಲಾಟೆಯಾಯಿತು. ಪೊಲೀಸರ ಗುಂಡಿಗೆ ಇಬ್ಬರು ಸತ್ತರು, ಗುಂಪಿನ ಕೈಗೆ ಸಿಕ್ಕಿ ಇಬ್ಬರು ಕಾನ್‌ಸ್ಟೆಬಲ್‌ಗಳು ಸತ್ತರು. ನಾಲ್ಕು ಮನೆಗಳಲ್ಲಿ ಅಳು. ಕಷ್ಟಪಟ್ಟು ಗಳಿಸಿದ ವಿಶ್ವಾಸ ಒಂದು ತುಂಡು ನೆಲದ ಮೇಲೆ ಮುರಿದುಬಿತ್ತು. ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಗಲ್ಲಿಯವರು ಅಲ್ಲಿಯೇ ಇರುತ್ತಾರೆ.

ಗೆಳತಿಯರೇ, ಈ ಸಲದ ಅರಿಶಿನ-ಕುಂಕುಮಕ್ಕೆ ನಮ್ಮ ಠಾಣೆಯ ಮಹಿಳಾ ಕಾನ್‌ಸ್ಟೆಬಲ್‌ಗಳನ್ನೂ ಕರೆಯೋಣವೇ?