ಎತ್ತೂ ಅದೇ, ಕುದುರೆಯೂ ಅದೇ: ಅಮೆರಿಕದ ಪಿಕಪ್ ಟ್ರಕ್ಕಿನ ಕಥೆ

ಎರಡು ವರ್ಷದ ಹಿಂದಿನ ಬೇಸಿಗೆ. ಡೆನ್ವರಿನಿಂದ ಪಶ್ಚಿಮಕ್ಕೆ ಹೋಗೋ ಐ-70 ಹೆದ್ದಾರಿಯಲ್ಲಿ, 11,000 ಅಡಿಗೂ ಎತ್ತರದಲ್ಲಿರೋ ಐಸೆನ್‌ಹೋವರ್ ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆಗೆ ಇಳೀತಾ ಇದ್ವಿ. ಗೆಳೆಯನ ಪಿಕಪ್ ಟ್ರಕ್ಕು, ಅದರ ಹಿಂದೆ ಕ್ಯಾಂಪರ್ ಟ್ರೇಲರ್. ಮಲಗೋಕೆ, ಅಡಿಗೆಗೆ ಎಲ್ಲ ಜಾಗ ಇರೋ ಚಕ್ರದ ಮನೆ ಅನ್ನಿ. ಒಳಗೆ ನಾವು ನಾಲ್ಕು ಜನ ದೊಡ್ಡವರು, ಇಬ್ಬರು ಮಕ್ಕಳು. ಇದ್ದಕ್ಕಿದ್ದಂತೆ ಹಿಂದಿನ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡಿತು. ಮೊದಲು ಸಣ್ಣಗೆ, ಆಮೇಲೆ ಟ್ರಕ್ಕನ್ನೇ ಎಡಕ್ಕೂ ಬಲಕ್ಕೂ ಎಳೆದಾಡೋ ಹಾಗೆ. "ಏನೋ ಇದು, ಯಾರೋ ಹಿಂದಿನಿಂದ ಹಿಡಿದು ಅಲ್ಲಾಡಿಸ್ತಿದ್ದಾರಲ್ಲೋ!" ಅಂದ ಅವನು. ಪುಣ್ಯಕ್ಕೆ ಟ್ರಕ್ಕಿನ ಬ್ರೇಕ್ ತುಳೀಲಿಲ್ಲ. ಆಕ್ಸಿಲರೇಟರ್ ಬಿಟ್ಟು, ಟ್ರೇಲರಿನ ಬ್ರೇಕ್ ಮಾತ್ರ ಹಿಡಿಯೋ ಸಣ್ಣ ಸನ್ನೆಯನ್ನ ಕೈಯಲ್ಲಿ ಒತ್ತಿದ. ಗಾಡಿ ನೆಟ್ಟಗಾಯಿತು. ಕೆಳಗೆ ಇಳಿದು ನಿಲ್ಲಿಸಿದಾಗ ಐದು ನಿಮಿಷ ಯಾರೂ ಮಾತಾಡಲಿಲ್ಲ.

ಆಮೇಲೆ ಕಾರಣ ಗೊತ್ತಾಯಿತು. ಬೆಳಿಗ್ಗೆ ಹೊರಡುವಾಗ ಟ್ರಕ್ಕಿನ ಹಿಂಭಾಗ ಕುಸಿದು ಕೂತಿತ್ತು. ಅದನ್ನ ನೋಡಿ ಇವನು ಜನರೇಟರು, ನೀರಿನ ಕ್ಯಾನು ಎಲ್ಲ ತೆಗೆದು ಟ್ರೇಲರಿನ ಹಿಂತುದಿಗೆ ಹಾಕಿದ್ದ. ಟ್ರಕ್ಕು ಮೇಲೆದ್ದಿತು, ನೋಡೋಕೆ ಸರಿಯಾಯಿತು. ಆದರೆ ಗಾಡಿ ಹಿಂಭಾರ ಆಯಿತು.

ಹಿಂಭಾರ ಅನ್ನೋ ಮಾತು ಎತ್ತಿನಗಾಡಿ ನೋಡಿದವರಿಗೆ ಹೊಸದಲ್ಲ. ನಮ್ಮಜ್ಜ ಮೂಟೆ ಹೇರಿಸುವಾಗ ಹೇಳ್ತಿದ್ದರು, "ಮುಂಭಾರ ಜಾಸ್ತಿ ಆದ್ರೆ ಎತ್ತಿನ ಹೆಗಲು ಹೋಗುತ್ತೆ, ಹಿಂಭಾರ ಆದ್ರೆ ನೊಗಾನೇ ಮೇಲೇಳುತ್ತೆ ಕಣಪ್ಪಾ" ಅಂತ. ಟ್ರೇಲರಿಗೂ ಅದೇ ಲೆಕ್ಕ. ಅದರ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ, ಅಂದರೆ ಟ್ರಕ್ಕಿನ ಕೊಕ್ಕೆಯ ಮೇಲೆ ಕೂರಬೇಕು. ಕಡಿಮೆಯಾದರೆ ಬಾಲ ಬೀಸುತ್ತೆ. ಸರಿಯಾಗಿ ಕೂರಿಸಿದರೆ ಆ ಭಾರ ಹೊರೋ ಶಕ್ತಿ ಟ್ರಕ್ಕಿಗೆ ಬೇಕು. ಗೆಳೆಯನ ಟ್ರಕ್ಕಿಗೆ ಅದು ಇರಲಿಲ್ಲ. ವಿಚಿತ್ರ ಏನಂದ್ರೆ, ಅದರ ಬ್ರೋಶರಿನಲ್ಲಿ "11,000 ಪೌಂಡ್ ಎಳೆಯುತ್ತೆ" ಅಂತ ಇತ್ತು. ನಮ್ಮ ಟ್ರೇಲರ್ ಇದ್ದದ್ದು 8,000.

ಆಗಲೇ ನಾನೂ ಒಂದು ಟ್ರೇಲರ್ ತಗೊಳ್ಳೋ ಯೋಚನೆಯಲ್ಲಿದ್ದೆ. ನನ್ನವಳು ಒಂದೇ ಷರತ್ತು ಹಾಕಿದಳು: "ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಅವತ್ತಿನ ಥರ ಇನ್ನೊಂದು ಸಲ ಆಗ್ಬಾರ್ದು ರೀ." ಟ್ರಕ್ಕು ಟ್ರೇಲರನ್ನೂ ಎಳೀಬೇಕು, ದಿನಾ ಆಫೀಸಿಗೂ ಹೋಗಬೇಕು. ಯಾವುದು ಅಂತ ಹುಡುಕುತ್ತಾ ಹೋದವನು ಇತಿಹಾಸದೊಳಗೆ ಬಿದ್ದೆ. ಅಲ್ಲಿ ಸಿಕ್ಕಿದ್ದೇ ಈ ಬರಹ.

*

ಎರಡೂ ಕೆಲಸ ಮಾಡೋ ಗಾಡಿ ಬೇಕು ಅನ್ನೋ ಆಸೆ ಈಗಿನದ್ದಲ್ಲ, ಪಿಕಪ್ಪಿನ ಹುಟ್ಟೇ ಅದರಿಂದ. 1917ರಲ್ಲಿ ಫೋರ್ಡ್ ಕಂಪನಿ ಒಂದು ಟನ್ ಹೊರೋ ಮಾಡೆಲ್ ಟಿಟಿ ಅನ್ನೋ ಚಾಸಿ ಮಾರೋಕೆ ಶುರು ಮಾಡಿತು. ಮೇಲಿನ ಕ್ಯಾಬಿನ್ನು, ಪೆಟ್ಟಿಗೆ ಕೊಂಡವರೇ ಕಟ್ಟಿಸಿಕೊಳ್ಳಬೇಕು. ಅಷ್ಟರಲ್ಲಿ ರೈತರು ತಮ್ಮ ಮಾಡೆಲ್ ಟಿ ಕಾರುಗಳ ಹಿಂದಿನ ಭಾಗ ಕತ್ತರಿಸಿ ಮರದ ಪೆಟ್ಟಿಗೆ ಕೂರಿಸಿಕೊಳ್ತಾ ಇದ್ದರು. ಕೊನೆಗೆ 1925ರ ಏಪ್ರಿಲ್‌ನಲ್ಲಿ ಫೋರ್ಡೇ ಪೆಟ್ಟಿಗೆ ಸಮೇತ ಮಾಡೆಲ್ ಟಿ ತಂದಿತು. ಬೆಲೆ 281 ಡಾಲರ್, ಎಂಜಿನ್ 20 ಅಶ್ವಶಕ್ತಿ. ಮೊದಲ ವರ್ಷವೇ ಸುಮಾರು 34,000 ಗಾಡಿ ತಯಾರಾದವು. ವಾರವಿಡೀ ಹುಲ್ಲು, ಹಾಲಿನ ಕ್ಯಾನು. ಭಾನುವಾರ ತೊಳೆದು ಮನೆಮಂದಿಯನ್ನ ಕೂರಿಸಿಕೊಂಡು ಚರ್ಚಿಗೆ. ಎತ್ತೂ ಅದೇ, ಕುದುರೆಯೂ ಅದೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜಾತಿಗಳು ಬೇರೆಯಾದವು. ಸೇನೆಯ ಟ್ರಕ್ಕುಗಳನ್ನೇ ತಿದ್ದಿ ಡಾಜ್ 1946ರಲ್ಲಿ ಪವರ್ ವ್ಯಾಗನ್ ತಂದಿತು. ಫೋರ್ಡ್‌ನ ಎಫ್ ಸರಣಿ 1948ರ ಮಾಡೆಲ್ಲಾಗಿ ಬಂತು. ಎಫ್-1 ಅಂದರೆ ಅರ್ಧ ಟನ್ ಹೊರುವಂಥದ್ದು, ಎಫ್-2 ಮುಕ್ಕಾಲು ಟನ್, ಹೀಗೆ. 1953ರಲ್ಲಿ ಅವೇ ಎಫ್-100, ಎಫ್-250, ಎಫ್-350 ಆದವು. ಇವತ್ತಿಗೂ ಟ್ರಕ್ಕು ಮಾರೋರು ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಅಂತಲೇ ಮಾತಾಡ್ತಾರೆ. ಆ ಲೆಕ್ಕ ಯಾವತ್ತೋ ಹಳೇದಾಯಿತು, ಹೆಸರು ಮಾತ್ರ ಉಳೀತು. ನಮ್ಮಲ್ಲಿ ಸಂತೆ ನಿಂತುಹೋದ ಮೇಲೂ "ಸಂತೆಮಾಳ" ಅನ್ನೋ ಹೆಸರು ಉಳಿಯುತ್ತಲ್ಲ, ಹಾಗೆ.

ಇಲ್ಲಿ ನನಗೆ ಆಶ್ಚರ್ಯ ಆದ ವಿಷಯ ಏನು ಗೊತ್ತಾ? ಆ ಕಾಲದಲ್ಲಿ ಟ್ರೇಲರ್ ಮನೆಗಳನ್ನ ಎಳೀತಿದ್ದದ್ದು ಹೆಚ್ಚಾಗಿ ಪಿಕಪ್ಪುಗಳಲ್ಲ, ಕಾರುಗಳು! ವಾಲಿ ಬಯಮ್ ಅನ್ನೋರು 1936ರಲ್ಲಿ ತಂದ ಏರ್‌ಸ್ಟ್ರೀಮ್ ಕ್ಲಿಪ್ಪರ್ ಅನ್ನೋ ಬೆಳ್ಳಿ ಬಣ್ಣದ ಟ್ರೇಲರಿನಿಂದ ಹಿಡಿದು 70ರ ದಶಕದವರೆಗೂ ಹಾಗೇ. ಆಗಿನ ಅಮೆರಿಕನ್ ಕಾರು ಅಂದರೆ ಕೆಳಗೆ ಲಾರಿಯ ಹಾಗೆ ಉಕ್ಕಿನ ಚೌಕಟ್ಟು, ಮೇಲೆ ದೊಡ್ಡ ವಿ8 ಎಂಜಿನ್. 7 ಲೀಟರಿನ ಎಂಜಿನ್ನುಗಳೂ ಇದ್ದವು. ಕುದುರೆಯೇ ಎತ್ತಿನ ಕೆಲಸ ಮಾಡುತ್ತಿತ್ತು.

*

ಅದನ್ನ ಬದಲಾಯಿಸಿದ್ದು ಎಂಜಿನಿಯರುಗಳಿಗಿಂತ ಹೆಚ್ಚಾಗಿ ಕಾನೂನುಗಳು. ಮೊದಲನೇದರ ಹೆಸರೇ ತಮಾಷೆ: ಕೋಳಿ ತೆರಿಗೆ. ಅಮೆರಿಕದ ಕೋಳಿಮಾಂಸಕ್ಕೆ ಯುರೋಪಿನವರು ಸುಂಕ ಏರಿಸಿದರು ಅಂತ, ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನಲ್ಲಿ ಸೇಡಿನ ಆದೇಶ ಹೊರಡಿಸಿದರು. ಬ್ರಾಂಡಿ, ಆಲೂಗಡ್ಡೆ ಪಿಷ್ಟದ ಜೊತೆ ಹೊರಗಿನಿಂದ ಬರೋ ಲಘು ಟ್ರಕ್ಕುಗಳಿಗೂ ನೂರಕ್ಕೆ 25ರ ಸುಂಕ ಬಿತ್ತು. ಗುರಿ ಇದ್ದದ್ದು ಫೋಕ್ಸ್‌ವ್ಯಾಗನ್ ಮೇಲೆ. ಕೋಳಿ ಜಗಳ ಎಲ್ಲರಿಗೂ ಮರೆತುಹೋಯಿತು, ಟ್ರಕ್ಕಿನ ಸುಂಕ ಉಳಿದೇ ಬಿಟ್ಟಿತು. ಹೊರಗಿನವರ ಪೈಪೋಟಿ ಇಲ್ಲದ ಈ ಹಿತ್ತಲಲ್ಲಿ ಅಮೆರಿಕದ ಕಂಪನಿಗಳು ದೊಡ್ಡ ದೊಡ್ಡ ಟ್ರಕ್ಕು ಬೆಳೆಸಿಕೊಂಡವು.

ಎರಡನೇದು 1973ರ ತೈಲ ನಿರ್ಬಂಧದ ನಂತರದ್ದು. 1975ರಲ್ಲಿ ಬಂದ ಇಂಧನ ಕಾಯಿದೆಯ ಪ್ರಕಾರ ಕಂಪನಿಯ ಕಾರುಗಳ ಸರಾಸರಿ ಮೈಲೇಜು 1978ಕ್ಕೆ ಗ್ಯಾಲನ್ನಿಗೆ 18 ಮೈಲಿ, 1985ಕ್ಕೆ 27.5 ಮೈಲಿ ಮುಟ್ಟಬೇಕು. ಟ್ರಕ್ಕುಗಳಿಗೆ ಬೇರೆ, ಸಡಿಲವಾದ ಲೆಕ್ಕ. ತುಂಬಿದಾಗಿನ ತೂಕದ ಮಿತಿ 8,500 ಪೌಂಡ್ ದಾಟಿದ ಟ್ರಕ್ಕುಗಳು ಆ ಲೆಕ್ಕದಿಂದಲೇ ಹೊರಗೆ. ಪರಿಣಾಮ? ಜನರಲ್ ಮೋಟಾರ್ಸ್ 1977ರ ಮಾಡೆಲ್ಲಿನಿಂದ ತನ್ನ ದೊಡ್ಡ ಕಾರುಗಳ ಮೈ ಇಳಿಸಿತು, ಉಳಿದವರೂ ಅದೇ ದಾರಿ ಹಿಡಿದರು. ಕಾರಿನಲ್ಲಿ ಎಳೆಯೋ ಕಾಲ ನಿಧಾನಕ್ಕೆ ಮುಗೀತು. ಅದೇ 1975ರ ಮಾಡೆಲ್ಲಾಗಿ ಎಫ್-150 ಹುಟ್ಟಿದ್ದೂ ಇಂಥದ್ದೇ ಕಾರಣಕ್ಕೆ. 6,000 ಪೌಂಡ್ ಮಿತಿ ದಾಟಿದರೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಹಾಕೋ ತಾಪತ್ರಯ ಆಗ ಇರಲಿಲ್ಲ. ಅದಕ್ಕೇ ಎಫ್-100ಕ್ಕಿಂತ ಸ್ವಲ್ಪ ಭಾರದ್ದು ಬಂತು. 1977ರಿಂದ ಎಫ್ ಸರಣಿಯೇ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗೋ ಟ್ರಕ್ಕು.

ಇದರ ಒಂದು ಪಳೆಯುಳಿಕೆ ನಾನು ಶೋರೂಮಿನಲ್ಲಿ ಕಂಡೆ. ಸಣ್ಣ ಕಾರುಗಳ ಕಿಟಕಿಗೆ ಅಂಟಿಸಿದ ಚೀಟಿಯಲ್ಲಿ ಮೈಲೇಜು ದಪ್ಪ ಅಕ್ಷರದಲ್ಲಿತ್ತು. ಮುಕ್ಕಾಲು ಟನ್ ಟ್ರಕ್ಕಿನ ಚೀಟಿಯಲ್ಲಿ ಆ ಜಾಗವೇ ಇಲ್ಲ. ಅದರ ಸರ್ಕಾರಿ ಮೈಲೇಜು ಹೇಳಲೇಬೇಕು ಅನ್ನೋ ನಿಯಮವೇ ಇಲ್ಲ!

*

ಮುಂದಿನದ್ದು ಡೀಸೆಲ್ ಅಧ್ಯಾಯ. 1980ರ ದಶಕದ ಆರಂಭದಲ್ಲೇ ಶೆವ್ರೊಲೆ 6.2 ಲೀಟರ್, ಫೋರ್ಡ್ 6.9 ಲೀಟರ್ ಡೀಸೆಲ್ ಎಂಜಿನ್ ಕೊಡೋಕೆ ಶುರು ಮಾಡಿದ್ದವು. ಟರ್ಬೋ ಇಲ್ಲದ, ಸಾವಧಾನದ ಎಂಜಿನ್ನುಗಳು. 1989ರ ಮಾಡೆಲ್ಲಿನಲ್ಲಿ ಡಾಜ್ ಆಟ ಬದಲಾಯಿಸಿತು. ಹೊಲದ ಯಂತ್ರಗಳಲ್ಲಿ ಕೆಲಸ ಮಾಡ್ತಿದ್ದ ಕಮಿನ್ಸ್ ಕಂಪನಿಯ 5.9 ಲೀಟರಿನ, ಆರು ಸಿಲಿಂಡರಿನ ಟರ್ಬೋ ಡೀಸೆಲ್ ಎಂಜಿನ್ನನ್ನ ತಂದು ಪಿಕಪ್ಪಿನೊಳಗೆ ಕೂರಿಸಿತು. 160 ಅಶ್ವಶಕ್ತಿ ಅಷ್ಟೇ, ಆದರೆ ತಿರುಚುಬಲ, ಅಂದರೆ ಟಾರ್ಕ್, 400 ಪೌಂಡ್-ಅಡಿ. ಎಳೆಯೋಕೆ ಬೇಕಾದದ್ದು ಅದೇ ತಾನೆ? 1994ರಲ್ಲಿ ಫೋರ್ಡ್ ಪವರ್ ಸ್ಟ್ರೋಕ್ ತಂದಿತು, 2001ರಲ್ಲಿ ಜನರಲ್ ಮೋಟಾರ್ಸ್ ಇಸುಝು ಜೊತೆ ಸೇರಿ ಡ್ಯುರಾಮ್ಯಾಕ್ಸ್ ತಂದಿತು. 2019ರ ಮಾಡೆಲ್ಲಿಗೆ ಕಮಿನ್ಸ್ ಎಂಜಿನ್ನಿನ ರ‍್ಯಾಮ್ ಟ್ರಕ್ಕು 1,000 ಪೌಂಡ್-ಅಡಿ ಮುಟ್ಟಿತು. ಮೂವತ್ತು ವರ್ಷದಲ್ಲಿ ಎರಡೂವರೆ ಪಟ್ಟು.

ಈ ಓಟದ ನಡುವೆ ಮನೆ ಎರಡು ಪಾಲಾಯಿತು. ಅಲ್ಲಿಯವರೆಗೆ ಎಫ್-150ಕ್ಕೂ ಎಫ್-250ಕ್ಕೂ ಮುಖ, ಕ್ಯಾಬಿನ್ ಒಂದೇ. 1997ರ ಮಾಡೆಲ್ಲಿನಲ್ಲಿ ಎಫ್-150 ಕಾರಿನ ಹಾಗೆ ನಯವಾಯಿತು. 1999ರ ಮಾಡೆಲ್ಲಿಗೆ ದೊಡ್ಡಣ್ಣಂದಿರು "ಸೂಪರ್ ಡ್ಯೂಟಿ" ಅನ್ನೋ ಬೇರೆ ಮೈಯಲ್ಲೇ ಬಂದರು. ಕುದುರೆ ಒಂದು ಕಡೆ, ಎತ್ತು ಒಂದು ಕಡೆ. ನನ್ನ ಗೆಳೆಯ ಕೊಂಡದ್ದು ಕುದುರೆ, ಕಟ್ಟಿದ್ದು ಎತ್ತಿನ ಗಾಡಿಗೆ.

ಹಾಗಾದರೆ ಬ್ರೋಶರಿನ 11,000 ಪೌಂಡ್ ಸುಳ್ಳಾ? ಸುಳ್ಳಲ್ಲ. ಮೊದಲೆಲ್ಲ ಒಬ್ಬೊಬ್ಬ ಕಂಪನಿಯೂ ತನ್ನದೇ ಲೆಕ್ಕದಲ್ಲಿ ಅಂಕಿ ಹೇಳುತ್ತಿತ್ತು. 2008ರಲ್ಲಿ ಎಂಜಿನಿಯರುಗಳ ಸಂಘವಾದ ಎಸ್‌ಎಇ, ಜೆ2807 ಅನ್ನೋ ಒಂದೇ ಅಳತೆಗೋಲು ತಂದಿತು. ಅರಿಝೋನಾದ ಡೇವಿಸ್ ಡ್ಯಾಮ್ ಬಳಿಯ 11 ಮೈಲಿಗೂ ಉದ್ದದ ಏರನ್ನ, ಏಸಿ ಪೂರ್ತಿ ಹಾಕಿಕೊಂಡು, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು (ಹಿಂದೆ ಜೋಡಿ ಚಕ್ರ ಇದ್ದರೆ 35). 2011ರ ಮಾಡೆಲ್ಲಿನ ಟೊಯೋಟ ಟಂಡ್ರಾ ಇದನ್ನ ಮೊದಲು ಒಪ್ಪಿಕೊಂಡಿತು, ಉಳಿದವರು ಕೆಲವು ವರ್ಷ ತಡಮಾಡಿ ಬಂದರು. ಅಳತೆ ಒಳ್ಳೇದೇ. ಆದರೆ ಅದರೊಳಗೆ ಲೆಕ್ಕಕ್ಕಿರೋದು ಚಾಲಕ ಮತ್ತು ಇನ್ನೊಬ್ಬ, ತಲಾ 150 ಪೌಂಡ್. ಹೆಂಡತಿ, ಮಕ್ಕಳು, ಅತಿಥಿಗಳು, ಸೌದೆ, ಸೈಕಲ್ಲು ಇಲ್ಲ.

ನಿಜವಾದ ಅಂಕಿ ಇರೋದು ಚಾಲಕನ ಬಾಗಿಲು ತೆಗೆದರೆ ಕಾಣೋ ಹಳದಿ ಗೆರೆಯ ಚೀಟಿಯಲ್ಲಿ: ಜನ, ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ. ಗೆಳೆಯನ ಟ್ರಕ್ಕಿನಲ್ಲಿ 1,500 ಚಿಲ್ಲರೆ. ನಮ್ಮ ಲೆಕ್ಕ ನೋಡಿ: ಮೂಕಿ ಭಾರ 1,000, ಆರು ಜನ 750, ಕೊಕ್ಕೆ ಸರಂಜಾಮು 100, ಹಿಂದಿನ ಸಾಮಾನು 200. ಒಟ್ಟು 2,050. ಐನೂರು ಪೌಂಡಿಗೂ ಹೆಚ್ಚು! ಎಳೆಯೋ ಶಕ್ತಿಗೆ ಕೊರತೆ ಇರಲಿಲ್ಲ, ಹೊರೋ ಶಕ್ತಿಗೆ ಇತ್ತು. ಅದಕ್ಕೇ ಹಿಂಭಾಗ ಕುಸಿದದ್ದು, ಅದಕ್ಕೇ ಅವನು ಸಾಮಾನು ಹಿಂದಕ್ಕೆ ಹಾಕಿದ್ದು.

*

ನಾನು ಏನು ತಗೊಂಡೆ? ಮುಕ್ಕಾಲು ಟನ್, ಅಲ್ಲಿಗೆ ಅನುಮಾನ ಇರಲಿಲ್ಲ. ಡೀಸೆಲ್ಲೋ ಪೆಟ್ರೋಲೋ ಅನ್ನೋದಕ್ಕೆ ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಬೆಟ್ಟದ ಮೇಲಿನ ತೆಳು ಗಾಳಿಯಲ್ಲಿ ಟರ್ಬೋ ಡೀಸೆಲ್ ಸೊರಗೋದು ಕಡಿಮೆ. ಇಳಿಜಾರಿನಲ್ಲಿ ಅದರ ಎಕ್ಸಾಸ್ಟ್ ಬ್ರೇಕ್ ದೊಡ್ಡ ವರ. ಆದರೆ 2007ರ ನಿಯಮಗಳ ನಂತರದ ಡೀಸೆಲ್ಲುಗಳಲ್ಲಿ ಮಸಿ ಹಿಡಿಯೋ ಫಿಲ್ಟರ್ ಇದೆ, 2010ರ ನಂತರ ಯೂರಿಯಾ ದ್ರವವೂ ಸೇರಿತು. ಆ ಫಿಲ್ಟರ್ ತಾನೇ ಸುಟ್ಟು ಶುದ್ಧವಾಗಬೇಕಾದರೆ ಎಂಜಿನ್ ಚೆನ್ನಾಗಿ ಕಾಯಬೇಕು. ನನ್ನ ಆಫೀಸು ಒಂಬತ್ತು ಮೈಲಿ. ಕಾಯುವಷ್ಟರಲ್ಲಿ ತಲುಪಿರ್ತೀನಿ. ಮೇಲಾಗಿ ಡೀಸೆಲ್ ಎಂಜಿನ್ನೇ ನೂರಾರು ಪೌಂಡ್ ಹೆಚ್ಚು ತೂಗುತ್ತೆ. ಅಷ್ಟು ತೂಕ ಆ ಹಳದಿ ಚೀಟಿಯ ಲೆಕ್ಕದಿಂದ ಕಳೆದುಹೋಗುತ್ತೆ. ನಾನು ಟ್ರೇಲರ್ ಎಳೆಯೋದು ವರ್ಷಕ್ಕೆ ಇಪ್ಪತ್ತೈದು ದಿನ. ತಿಂಗಳುಗಟ್ಟಲೆ ಎಳೆಯೋರಾಗಿದ್ದರೆ ಕಣ್ಣು ಮುಚ್ಚಿ ಡೀಸೆಲ್ ತಗೋತಿದ್ದೆ.

ಹಾಗಾಗಿ ಪೆಟ್ರೋಲ್ ಎಂಜಿನ್ನಿನ, ಚರ್ಮದ ಸೀಟು ಗೀಟು ಇಲ್ಲದ, ಸಾದಾ ಟ್ರಕ್ಕು. ಬಾಗಿಲಿನ ಚೀಟಿ ಓದಿಯೇ ಕೊಂಡೆ, ಮೂರು ಸಾವಿರ ಪೌಂಡಿಗೂ ಮೇಲಿದೆ. ಬೆಲೆ ತೆತ್ತಿಲ್ಲ ಅಂತ ಹೇಳಲ್ಲ. ಖಾಲಿ ಇದ್ದಾಗ ಹಿಂದಿನ ಲೀಫ್ ಸ್ಪ್ರಿಂಗುಗಳು ಭಾರ ಇಲ್ಲದೆ ಎತ್ತಿ ಕುಕ್ಕುತ್ತವೆ. ಆಫೀಸಿನ ಗ್ಯಾರೇಜಿನಲ್ಲಿ ಒಂದೇ ಸಲಕ್ಕೆ ನಿಲ್ಲಿಸಿದ್ದು ಇನ್ನೂ ದಾಖಲೆಯಿಲ್ಲ. ಪೆಟ್ರೋಲ್ ಬಂಕಿನವರಿಗೆ ನಾನಂದ್ರೆ ಪ್ರೀತಿ :-) ಐ-70ರ ಏರಿನಲ್ಲಿ ಬಲಗಡೆ ಲೇನಿನಲ್ಲಿ ಲಾರಿಗಳ ಜೊತೆ ನಾನೂ ಏದುಸಿರು ಬಿಡ್ತಾ ಹೋಗ್ತೀನಿ.

ಎತ್ತೂ ಕುದುರೆಯೂ ಒಂದೇ ಗಾಡಿಯಲ್ಲಿ ಸಿಗೋ ಕಾಲ 1925ರಲ್ಲಿತ್ತೇನೋ, ಆಗ ಎಳೆಯೋ ಭಾರವೂ ಓಡೋ ವೇಗವೂ ಕಡಿಮೆ. ಈಗ ಎರಡರಲ್ಲಿ ಒಂದು ಸ್ವಲ್ಪ ಸೋಲಲೇಬೇಕು. ಯಾವುದು ಸೋಲಬೇಕು ಅಂತ ನಾವೇ ಮೊದಲು ತೀರ್ಮಾನಿಸಿಕೊಂಡರೆ, ಬೆಟ್ಟದ ಇಳಿಜಾರಿನಲ್ಲಿ ಗಾಡಿ ಅದನ್ನ ತೀರ್ಮಾನಿಸೋದು ತಪ್ಪುತ್ತೆ.

ಹೋದ ತಿಂಗಳು ಅದೇ ಸುರಂಗ ದಾಟಿ ಅದೇ ಇಳಿಜಾರು ಇಳಿದೆವು. ಹೊರಡೋ ಮುಂಚೆ ಜನರೇಟರನ್ನ ಟ್ರೇಲರಿನ ಮುಂಭಾಗಕ್ಕೆ ಹಾಕಿ, ಮೂಕಿ ಭಾರ ತೂಗಿಯೇ ಹೊರಟಿದ್ದು. ಸಿಲ್ವರ್‌ಥಾರ್ನ್ ತಲುಪೋ ಹೊತ್ತಿಗೆ ಪಕ್ಕದಲ್ಲಿ ಸದ್ದಿಲ್ಲ. ತಿರುಗಿ ನೋಡಿದರೆ, ನನ್ನವಳಿಗೆ ನಿದ್ದೆ ಹತ್ತಿತ್ತು.