ಬೆಲ್ಲದ ಸಿಹಿ, ರಸ್ಸಾದ ಖಾರ: ರುಚಿಕೋಶಗಳ ನವೀಕರಣ ಮತ್ತು ರುಚಿಯ ಸ್ಥಿರತೆ

1. ಪ್ರಸ್ತಾವನೆ

ಕೊಲ್ಹಾಪುರದ ಮಾಂಸದೂಟದಲ್ಲಿ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ ಎಂಬ ಎರಡು ಬಟ್ಟಲು ಒಟ್ಟಿಗೇ ಬರುತ್ತವೆ. ಎರಡಕ್ಕೂ ಆಧಾರ ಮಟನ್ ಬೇಯಿಸಿದ ನೀರು. ಮೊದಲನೆಯದಕ್ಕೆ ಕೆಂಪು ಮೆಣಸಿನಕಾಯಿಯ ಮಸಾಲೆ ಬಿದ್ದರೆ, ಎರಡನೆಯದಕ್ಕೆ ತೆಂಗಿನ ಹಾಲು, ಗಸಗಸೆ, ಗೋಡಂಬಿ ಸೇರುತ್ತವೆ. ಗಡಹಿಂಗ್ಲಜ ಪೇಟೆಯ ಸಂಕೇಶ್ವರಿ ಮೆಣಸಿನಕಾಯಿಗೂ 2014ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರದ ಬೆಲ್ಲಕ್ಕೂ ಈ ಸೀಮೆಯ ಅಡುಗೆಮನೆಯಲ್ಲಿ ಸಮಾನ ಸ್ಥಾನವಿದೆ. ಇಚಲಕರಂಜಿಯ ಮಗ್ಗದ ಕೇರಿಗಳಲ್ಲಿ ಬೆಳಗಾದರೆ ಮಿಸಳ. ಇಷ್ಟು ಖಾರ ತಿಂದವರ ನಾಲಗೆಯ ರುಚಿ ಸತ್ತೇ ಹೋಗುತ್ತದೆ ಎಂಬ ನಂಬಿಕೆಯೂ ಬಳಕೆಯಲ್ಲಿದೆ. ಈ ನಂಬಿಕೆ ಎರಡು ಬೇರೆ ವ್ಯವಸ್ಥೆಗಳನ್ನು ಒಂದೆಂದು ಎಣಿಸುತ್ತದೆ. ರುಚಿಕೋಶಗಳು ಖಾರವಿರಲಿ ಬಿಡಲಿ ಸಾಯುತ್ತಲೇ ಇರುತ್ತವೆ. ಹೊಸ ಕೋಶ ಮತ್ತು ಹಳೆಯ ನರ ಪ್ರತಿಸಲವೂ ಸರಿಯಾಗಿ ಕೂಡುವುದರಿಂದ ರುಚಿ ಉಳಿಯುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ.

2. ಮೊಗ್ಗಿನ ಒಳಗೆ

ರುಚಿಮೊಗ್ಗುಗಳನ್ನು 1867ರಲ್ಲಿ ಲೊವೆನ್ ಮತ್ತು ಶ್ವಾಲ್ಬೆ ಪ್ರತ್ಯೇಕವಾಗಿ ವಿವರಿಸಿದರು. ವಯಸ್ಕರ ಬಾಯಿಯಲ್ಲಿ ಕೆಲವು ಸಾವಿರ ಮೊಗ್ಗುಗಳಿದ್ದು, ಒಂದೊಂದರಲ್ಲೂ ಸುಮಾರು 50ರಿಂದ 100 ಕೋಶಗಳಿರುತ್ತವೆ. ಮೊದಲ ಬಗೆಯವು ಆಸರೆಯ ಕೋಶಗಳು. ಎರಡನೆಯ ಬಗೆಯವು ಸಿಹಿ, ಕಹಿ, ಉಮಾಮಿಗಳನ್ನು ಗ್ರಹಿಸುತ್ತವೆ. ಮೂರನೆಯ ಬಗೆಯವು ಹುಳಿಯನ್ನು ಗ್ರಹಿಸುತ್ತವೆ.

ಬೆಲ್ಲದ ಸುಕ್ರೋಸ್ ಟಿ1ಆರ್2–ಟಿ1ಆರ್3 ಗ್ರಾಹಕ ಜೋಡಿಗೆ ಅಂಟಿದಾಗ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಟಿಆರ್‌ಪಿಎಂ5 ಮಾರ್ಗ ತೆರೆಯುತ್ತದೆ, ಹೊರಬಿದ್ದ ಎಟಿಪಿ ನರತಂತುವನ್ನು ಕೆರಳಿಸುತ್ತದೆ. ಮಟನ್ ನೀರಿನಲ್ಲಿರುವ ಗ್ಲುಟಮೇಟ್ ಮತ್ತು ಇನೊಸಿನೇಟ್ ಒಂದನ್ನೊಂದು ಬಲಪಡಿಸುತ್ತ ಟಿ1ಆರ್1–ಟಿ1ಆರ್3 ಜೋಡಿಯನ್ನು ಎಚ್ಚರಿಸುತ್ತವೆ. ಆದ್ದರಿಂದ ಎರಡೂ ರಸ್ಸಾಗಳ ಉಮಾಮಿಗೆ ಮೂಲ ಒಂದೇ.

3. ಕೋಶಗಳ ಆಯುಸ್ಸು

1965ರಲ್ಲಿ ಬೈಡ್ಲರ್ ಮತ್ತು ಸ್ಮಾಲ್‌ಮನ್ ಇಲಿಗಳಿಗೆ ಟ್ರಿಷಿಯಂ ಗುರುತಿನ ಥೈಮಿಡಿನ್ ಕೊಟ್ಟು, ರುಚಿಕೋಶದ ಸರಾಸರಿ ಆಯುಸ್ಸು ಸುಮಾರು 250 ಗಂಟೆ ಎಂದು ಲೆಕ್ಕ ಹಾಕಿದರು. ಪಠ್ಯಗಳಲ್ಲಿ ಕಾಣುವ 'ಹತ್ತು ದಿನ' ಇಲ್ಲಿಂದ ಬಂದದ್ದು. ಆದರೆ ಅದು ಸರಾಸರಿ ಮಾತ್ರ. ಚಿಕ್ಕಿಲಿಗಳ ಮೇಲಿನ 2013ರ ಅಧ್ಯಯನವೊಂದು ಎರಡನೆಯ ಬಗೆಯ ಕೋಶಗಳ ಅರ್ಧಾಯುಸ್ಸು 8 ದಿನ, ಮೂರನೆಯ ಬಗೆಯವುಗಳದು 22 ದಿನ ಎಂದು ತೋರಿಸಿತು. ಬೆಲ್ಲವನ್ನು ಅರಿಯುವ ಕೋಶಗಳಿಗಿಂತ ಹುಣಸೆಹುಳಿಯನ್ನು ಅರಿಯುವ ಕೋಶಗಳು ಹೆಚ್ಚು ಕಾಲ ಬಾಳುತ್ತವೆ ಎಂದಾಯಿತು.

ಸತ್ತವುಗಳ ಜಾಗ ತುಂಬುವವು ಮೊಗ್ಗಿನ ಬುಡದ ಸುತ್ತಲಿನ ಆಕರ ಕೋಶಗಳು. ನಾಲಗೆಯ ಹಿಂಭಾಗದಲ್ಲಿ ಎಲ್‌ಜಿಆರ್5 ಗುರುತಿನ ಕೋಶಗಳು ಈ ಕೆಲಸ ಮಾಡುತ್ತವೆ.

4. ನರದ ಪಾತ್ರ

ಗ್ಲಾಸೊಫ್ಯಾರಿಂಜಿಯಲ್ ನರವನ್ನು ಕತ್ತರಿಸಿದರೆ ಮೊಗ್ಗುಗಳು ಅಳಿಯುತ್ತವೆ ಎಂಬುದು 1870ರ ದಶಕದಿಂದಲೇ ತಿಳಿದಿದೆ. ನರ ಸಂದೇಶ ಒಯ್ಯುವುದರ ಜತೆಗೆ ಮೊಗ್ಗನ್ನು ಪೋಷಿಸುತ್ತದೆ. ನರದಿಂದ ಬರುವ ಆರ್-ಸ್ಪಾಂಡಿನ್ ಪ್ರೋಟೀನನ್ನು ಹೊರಗಿನಿಂದ ಒದಗಿಸಿದರೆ, ನರ ಕಡಿದ ಚಿಕ್ಕಿಲಿಗಳಲ್ಲೂ ರುಚಿಕೋಶಗಳು ಹುಟ್ಟುತ್ತವೆಂದು 2021ರಲ್ಲಿ ವರದಿಯಾಯಿತು.

ಆದರೂ ರುಚಿಯ ಸ್ವರೂಪವನ್ನು ನಿರ್ಧರಿಸುವುದು ನರವಲ್ಲ. ಓಕ್ಲಿ 1967ರಲ್ಲಿ ಇಲಿಯ ನಾಲಗೆಯ ಮುಂದಿನ ಮತ್ತು ಹಿಂದಿನ ನರಗಳನ್ನು ಅದಲುಬದಲು ಮಾಡಿ ಬೆಳೆಸಿದಾಗ, ನರಗಳು ತಾವು ಹೋಗಿ ಸೇರಿದ ಭಾಗದ ರುಚಿಗೇ ಸ್ಪಂದಿಸಿದವು. ಕೋಶವೇ ನರವನ್ನು ಗುರುತಿಸಿ ಕರೆಯುವ ಬಗೆ 2017ರಲ್ಲಿ ಸ್ಪಷ್ಟವಾಯಿತು: ಕಹಿಯ ಕೋಶ ಸೆಮಾ3ಎ, ಸಿಹಿಯ ಕೋಶ ಸೆಮಾ7ಎ ಅಣುವಿನ ಮೂಲಕ ತನ್ನ ನರತಂತುವನ್ನು ಸೆಳೆಯುತ್ತದೆ. ಬಾಡಿಗೆದಾರರು ಬದಲಾದರೂ ಮನೆಯ ವಿಳಾಸ ಬದಲಾಗದಂತೆ, ಇಂದಿನ ಬೆಲ್ಲದ ಸಿಹಿ ಕಳೆದ ತಿಂಗಳಿನ ಸಿಹಿಯೇ ಆಗಿರುತ್ತದೆ.

5. ಖಾರದ ದಾರಿ

ತಾಂಬಡಾ ರಸ್ಸಾದ ಉರಿ ಈ ಕೋಶಗಳಿಂದ ಬರುವುದಿಲ್ಲ. ಕ್ಯಾಪ್ಸೈಸಿನ್ ಕೆರಳಿಸುವುದು ಟ್ರೈಜೆಮಿನಲ್ ನರತಂತುಗಳ ಟಿಆರ್‌ಪಿವಿ1 ಗ್ರಾಹಕವನ್ನು. ಇದನ್ನು 1997ರಲ್ಲಿ ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಪಡೆದರು. ಸುಮಾರು 43 ಡಿಗ್ರಿ ಸೆಲ್ಸಿಯಸ್ ಶಾಖಕ್ಕೂ ತೆರೆಯುವ ಗ್ರಾಹಕವಿದು. ಕುದಿಬಿಸಿ ರಸ್ಸಾ ಹೆಚ್ಚು ಖಾರವೆನಿಸುವುದು ಇದರಿಂದಲೇ. ಈ ನರಕೋಶಗಳು ಹತ್ತು ದಿನಕ್ಕೊಮ್ಮೆ ಬದಲಾಗುವುದಿಲ್ಲ. ಪದೇ ಪದೇ ಕ್ಯಾಪ್ಸೈಸಿನ್ ತಗುಲಿದಾಗ ಗ್ರಾಹಕ ಮಂದವಾಗುತ್ತದೆ, ಬಿಡುವು ಸಿಕ್ಕರೆ ಚೇತರಿಸುತ್ತದೆ. ಖಾರಪ್ರಿಯತೆಯಲ್ಲಿ ರೂಢಿಯ ಪಾಲೂ ದೊಡ್ಡದು. ಮೆಕ್ಸಿಕೊದಲ್ಲಿ ರೋಜಿನ್ ಮತ್ತು ಶಿಲ್ಲರ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೆಣಸಿನಕಾಯಿ ತಿನ್ನುವವರು ಉರಿಯನ್ನು ಅರಿಯದವರಲ್ಲ, ಅದನ್ನೇ ಮೆಚ್ಚಲು ಕಲಿತವರು.

6. ನವೀಕರಣ ನಿಂತಾಗ

ರುಚಿಗೆ ನಿಜವಾದ ಅಪಾಯ ಆಕರ ಕೋಶಗಳ ವಿಭಜನೆ ನಿಂತಾಗ ಒದಗುತ್ತದೆ. ಚಿಕ್ಕಿಲಿಗಳಿಗೆ ಒಮ್ಮೆ 8 ಗ್ರೇ ವಿಕಿರಣ ನೀಡಿದ 2012ರ ಪ್ರಯೋಗದಲ್ಲಿ, ಇದ್ದ ರುಚಿಕೋಶಗಳು ತಮ್ಮ ಆಯುಸ್ಸನ್ನು ಪೂರೈಸಿದವು. ಆದರೆ ಹೊಸವು ಬರುವುದು ಕೆಲಕಾಲ ನಿಂತಿದ್ದರಿಂದ ಮೊಗ್ಗುಗಳು ಬಡವಾದವು. ಹಾಗಾಗಿ ವಿಕಿರಣ ಚಿಕಿತ್ಸೆಯ ಮೊದಲ ದಿನವೇ ರುಚಿ ಹೋಗುವುದಿಲ್ಲ, ಚಿಕಿತ್ಸೆ ಮುಗಿದ ಮರುದಿನವೇ ಮರಳುವುದೂ ಇಲ್ಲ.

ಕೊಲ್ಹಾಪುರಕ್ಕೆ ಹೊಂದಿಕೊಂಡ ನಿಪ್ಪಾಣಿ ಸೀಮೆ ತಂಬಾಕಿಗೆ ಹೆಸರಾದದ್ದು. ತಂಬಾಕು ಜಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರುತ್ತದೆ. ಅದರ ಚಿಕಿತ್ಸೆಯಲ್ಲಿ ವಿಕಿರಣವೂ ಸೇರಿರುತ್ತದೆ. ಉಪ್ಪು, ಸಿಹಿ ಕಳೆದುಕೊಂಡ ರೋಗಿಗೂ ಮೆಣಸಿನಕಾಯಿಯ ಉರಿ ತಿಳಿಯಬಹುದು, ಏಕೆಂದರೆ ಅದರ ದಾರಿ ಬೇರೆ. ಆದ್ದರಿಂದ "ರುಚಿ ಹತ್ತುತ್ತದೆಯೇ?" ಎಂದು ಒಟ್ಟಾಗಿ ಕೇಳಿದರೆ ಈ ಸೀಮೆಯಲ್ಲಿ ತಪ್ಪು ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಬೆಲ್ಲ, ಉಪ್ಪು, ಹುಣಸೆ, ಹಾಗಲಕಾಯಿ, ಮಟನ್ ನೀರು — ಇವುಗಳ ರುಚಿಯನ್ನು ಒಂದೊಂದಾಗಿ ವಿಚಾರಿಸಬೇಕು, ಖಾರವನ್ನು ಬೇರೆಯಾಗಿಯೇ ಕೇಳಬೇಕು.